ಮನೆ ಏರಿಕೊಂಡು ಬೋರನಕಣಿವೆಗೆ

ಆಸ್ಟ್ರೇಲಿಯಾದಲ್ಲಿರುವ ಭಾಮೈದ ಕ್ಯಾರವಾನ್ ಎಳೆದುಕೊಂಡು ನಲ್ಲಾರ್ಬರ್ ಬಯಲು ದಾಟಿದ ಫೋಟೊ ಕಳಿಸಿದ್ದ. ಅಲ್ಲೊಂದು ಕಡೆ 146 ಕಿಲೋಮೀಟರ್ ರಸ್ತೆಗೆ ಒಂದು ತಿರುವೂ ಇಲ್ಲ. ಆ ಹೆಸರಿಗೆ ಲ್ಯಾಟಿನ್ನಿನಲ್ಲಿ ಮರವಿಲ್ಲದ್ದು ಎಂದರ್ಥ. ‘ಮರಾನೇ ಇಲ್ದಿರೋ ಕಡೆ ಏನ್ ನೋಡಕ್ ಹೋಗಿದ್ನಂತೆ?’ ಎಂದಳು ಹೆಂಡತಿ. ತಿಪಟೂರಿನ ತೋಟದ ಮನೆಯಲ್ಲಿ ಹುಟ್ಟಿದವಳು. ತೆಂಗಿನ ನೆರಳು ಬೀಳದ ನೆಲ ಅವಳ ಲೆಕ್ಕದಲ್ಲಿ ನೆಲವೇ ಅಲ್ಲ.

ನನಗೆ ಮಾತ್ರ ತಲೆಗೆ ಹುಳ ಹೊಕ್ಕಿತ್ತು. ಗೆಳೆಯನ ಟಾಟಾ ಏಸ್‌ಗೆ ಟಾರ್ಪಾಲು ಕಟ್ಟಿ, ಹಾಸಿಗೆ, ಒಲೆ, ನಾಲ್ಕು ಕ್ಯಾನು ನೀರು ಹೇರಿ ಮೂರು ದಿನಕ್ಕೆಂದು ಹೊರಟೆವು. ಬರಿಗೈಯಲ್ಲಿ ಎಲ್ಲಿಗೂ ಹೋಗದ ಇವಳು ಅಟ್ಟದಿಂದ ಒಂದು ಚೀಲ ಕಾಯಿ ಇಳಿಸಿಕೊಂಡಳು. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತು, ಒಳಗಿನ ನೀರೆಲ್ಲ ಇಂಗಿ, ಚಿಪ್ಪು ಬಿಟ್ಟುಕೊಂಡ ಉಂಡೆ ಕೊಬ್ಬರಿ. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಹಿಂದಿನಿಂದ ಗಟಗಟ, ಗಟಗಟ.

ಹುಳಿಯಾರಿನ ತನಕ ತೆಂಗು, ನಡುನಡುವೆ ಅಡಿಕೆ. ಸುವರ್ಣಮುಖಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ, 19ನೇ ಶತಮಾನದ ಕೊನೆಗೆ ಕಟ್ಟಿದ ಬೋರನಕಣಿವೆಯ ಏರಿ ಹತ್ತಿದಾಗ ಗಾಳಿಯೇ ಬೇರೆಯಾಯಿತು. ಬೆನ್ನ ಹಿಂದೆ ಅಷ್ಟೊಂದು ಸೋಗೆ. ಆಚೆಗೆ ಬೋಳು ಗುಡ್ಡ, ಜಾಲಿ, ಕೆಂಪು ಕಲ್ಲು. ಐವತ್ತು ವರ್ಷ ಇದರ ಮಗ್ಗುಲಲ್ಲೇ ಬದುಕಿ, ಸಾಯಿಬಾಬಾ ಗುಡಿಗೆ ಬಂದು ಹೋಗಿ, ತಲೆ ಎತ್ತಿ ಆ ಕಡೆ ನೋಡಿರಲಿಲ್ಲ!

ಬುಕ್ಕಾಪಟ್ಟಣದ ದಿಕ್ಕಿಗೆ ತಿರುಗಿದ ಮೇಲೆ ಎದುರಿಗೆ ಗಾಡಿ ಬರುವುದೇ ಅಪರೂಪ. ಕಮರದ ಮರಗಳ ಈ ಕಾಡನ್ನು 2019ರಲ್ಲಿ ಚಿಂಕಾರ ಅಭಯಾರಣ್ಯವೆಂದು ಘೋಷಿಸಿದ್ದಾರೆ, 136 ಚದರ ಕಿಲೋಮೀಟರ್. ರಾಜಸ್ಥಾನದ ಮರಳುಗಾಡಿನ ಜಿಂಕೆ ನಮ್ಮ ತುಮಕೂರು ಜಿಲ್ಲೆಯಲ್ಲಿ! ಸಂಜೆ ರಸ್ತೆಬದಿಯ ಹುಲ್ಲಿನಲ್ಲಿ ಕಂಡೇಬಿಟ್ಟಿತು. ಮೇಕೆಗಿಂತ ಸಣಕಲು, ಒಣಹುಲ್ಲಿನದೇ ಬಣ್ಣ. ಕಪ್ಪು ಬಾಲ ಪಟಪಟ ಆಡಿಸಿರದಿದ್ದರೆ ಕಲ್ಲೆಂದುಕೊಂಡು ಹೋಗುತ್ತಿದ್ದೆವು. ಇವಳು ನನ್ನ ತೋಳು ಹಿಡಿದವಳು ಬಿಡಲೇ ಇಲ್ಲ. ಕೊಬ್ಬರಿಯೂ ಆಗ ಸುಮ್ಮನಿತ್ತು.

ಕಾಡಿನೊಳಗೆ ತಂಗುವಂತಿಲ್ಲ. ಹೊರಗಡೆ ಹೊಲದವರೊಬ್ಬರನ್ನು ಕೇಳಿಕೊಂಡು ಬದುವಿನ ಪಕ್ಕ ಗಾಡಿ ನಿಲ್ಲಿಸಿದೆವು. ಅಲ್ಲಿ ನಮಗಿಂತ ಮೊದಲೇ ಬೀಡುಬಿಟ್ಟಿದ್ದರು ಕುರಿಯವರು. ಬಲೆಯೊಳಗೆ ಇನ್ನೂರು ಮುನ್ನೂರು ಕುರಿ, ಎರಡು ಕತ್ತೆ, ನಾಯಿ, ಬುಟ್ಟಿಯಲ್ಲಿ ಅಂದೇ ಹುಟ್ಟಿದ ಮರಿ. ಹಿರಿಯರೊಬ್ಬರು ನಮ್ಮ ಟಾರ್ಪಾಲನ್ನು ಸುತ್ತುಹಾಕಿ ನೋಡಿ, ‘ಏನ್ ಸಾಮಿ, ಮನೇನೇ ಏರ್ಕಂಡ್ ಬಂದಿದೀರಲ್ಲ!’ ಎಂದರು. ಅವರ ಮನೆ ಕತ್ತೆಯ ಬೆನ್ನ ಮೇಲಿತ್ತು. ಮಳೆ ಹಿಡಿಯುವ ತನಕ ಊರಿಂದೂರಿಗೆ ನಡಿಗೆ. ತೋಟದವರು ಕರೆದು ಮಂದೆ ತರುಬಿಸಿಕೊಂಡರೆ ಗೊಬ್ಬರಕ್ಕೆ ಪ್ರತಿಯಾಗಿ ರಾಗಿಯೋ ದುಡ್ಡೋ. ಹಾಗಾದರೆ ನಮ್ಮ ತೆಂಗು ಇಷ್ಟು ಹಸಿರಾಗಿರುವುದರಲ್ಲಿ ಈ ಬೋಳು ಗುಡ್ಡದ ಹುಲ್ಲಿನದೂ ಪಾಲಿದೆ. ಇವಳು ಇದನ್ನು ಬಹಳ ಹೊತ್ತು ಯೋಚಿಸಿದಳೆಂದು ಕಾಣುತ್ತದೆ. ಮಾತಿಲ್ಲದೆ ಎದ್ದು ಅವರ ಮೊಮ್ಮಗನ ಕೈಗೊಂದು ಕಾಯಿ ಕೊಟ್ಟಳು. ಅವನು ಕಿವಿಯ ಹತ್ತಿರ ಅಲ್ಲಾಡಿಸಿದ. ಗಟಗಟ. ಮತ್ತೆ ಅಲ್ಲಾಡಿಸಿದ. ಒಡೆಯಲು ಕೊಡಲೇ ಇಲ್ಲ.

ಆ ರಾತ್ರಿ ಆಕಾಶದಲ್ಲಿ ಸೋಗೆ ಅಡ್ಡವಿರಲಿಲ್ಲ. ಅಷ್ಟು ನಕ್ಷತ್ರ ನಾನು ಒಟ್ಟಿಗೆ ಕಂಡದ್ದು ಅದೇ ಮೊದಲು.

ಮರುದಿನ ಹಿರಿಯೂರಿನ ಮಾರಿಕಣಿವೆಗೆ ಹೋಗುವುದಿತ್ತು, 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ 2022ರಲ್ಲೇ ಬಿದ್ದ ಆ ಜಲಾಶಯಕ್ಕೆ. ಬೆಳಗ್ಗೆ ಎದ್ದು ನೋಡಿದರೆ ಹಿಂದಿನ ಚಕ್ರ ನೆಲಕ್ಕಂಟಿತ್ತು, ಜಾಲಿ ಮುಳ್ಳು. ಜ್ಯಾಕು ಹುಡುಕಲು ಹಾಸಿಗೆ, ಒಲೆ, ಕ್ಯಾನು, ಕಾಯಿ ಎಲ್ಲ ಕೆಳಗಿಳಿಸಬೇಕಾಯಿತು. ಪಕ್ಕದಲ್ಲಿ ಕುರಿಯವರು ಇದ್ದ ಜಾಗದಲ್ಲಿ ಮೂರು ಕಲ್ಲು, ಬೆಚ್ಚಗಿನ ಬೂದಿ. ದೂರದ ಇಳಿಜಾರಿನಲ್ಲಿ ಧೂಳೆದ್ದಿತ್ತು.