ಅಲ್ಲಮನ ಕಣ್ಣೀರು, ಸಿದ್ಧರಾಮನ ಕೋಪ



ಅಲ್ಲಮಪ್ರಭುವಿನ ಚರಿತ್ರೆಯನ್ನು ಹರಿಹರನೂ ಚಾಮರಸನೂ ಕಾವ್ಯವಾಗಿಸಿದ್ದಾರೆ. ಎರಡರಲ್ಲಿಯೂ ನಾಯಕನ ಹೆಸರು ಒಂದೇ; ವ್ಯಕ್ತಿತ್ವ ಮಾತ್ರ ಬೇರೆ.

ಹರಿಹರನ ರಗಳೆಯಲ್ಲಿ ಅಲ್ಲಮನು ಕಮಲತೆಯೆಂಬ ಚೆಲುವೆಯಲ್ಲಿ ಅನುರಕ್ತನಾಗಿ ಲೋಕವನ್ನೇ ಮರೆತಿರುತ್ತಾನೆ. ಜ್ವರ ಬಂದು ಆಕೆ ತೀರಿಕೊಳ್ಳುತ್ತಾಳೆ. ಆತ ಮರುಳನಂತೆ ಅಲೆಯುತ್ತಾನೆ. ತೋಟವೊಂದರಲ್ಲಿ ಕುಳಿತು ಕಾಲುಗುರಿನಿಂದ ನೆಲ ಕೆರೆಯುತ್ತಿರುವಾಗ ಹೂತುಹೋದ ದೇಗುಲದ ಕಳಶ ಕಾಣುತ್ತದೆ. ಒಳಗೆ ಅನಿಮಿಷಯ್ಯನ ದರ್ಶನವಾಗಿ ಲಿಂಗವು ಕರಸ್ಥಲಕ್ಕೆ ಬರುತ್ತದೆ. ಪ್ರಭು ಅತ್ತನೆನ್ನುವುದು ಅಪಚಾರವಲ್ಲವೇ ಎಂದು ಕೆಲವು ಭಕ್ತರು ಕೇಳುವುದುಂಟು. ಹರಿಹರನಿಗಿಂತ ದೊಡ್ಡ ಭಕ್ತಕವಿ ಯಾರು? ಆತನೇ ಮುಚ್ಚಿಡದ ಕಣ್ಣೀರನ್ನು ನಾವೇಕೆ ಒರೆಸಬೇಕು? ಮನೆಯಾಕೆಯನ್ನು ಕಳೆದುಕೊಂಡು ಮಠದ ಅಂಗಳದಲ್ಲಿ ಕುಳಿತವನಿಗೆ ಈ ಅಲ್ಲಮನೇ ಹತ್ತಿರದವನು.

15ನೆಯ ಶತಮಾನದ ಚಾಮರಸನು ಇದನ್ನೊಪ್ಪಲಿಲ್ಲ. 'ಪ್ರಭುಲಿಂಗಲೀಲೆ'ಯ ಅಲ್ಲಮನು ಬನವಸೆಯ ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ಬಾರಿಸುತ್ತಾನೆ. ಮಾಯೆ ಮರುಳಾಗುತ್ತಾಳೆಯೇ ಹೊರತು ಆತ ಅವಳ ಕೈಗೆ ಸಿಕ್ಕುವುದಿಲ್ಲ. ಮೊದಲೇ ಪೂರ್ಣನಾದವನು ಬದಲಾಗುವುದೆಂತು? ಬದಲಾವಣೆಯಿಲ್ಲದ ನಾಯಕನನ್ನಿಟ್ಟುಕೊಂಡು 25 ಗತಿಗಳನ್ನು ನಡೆಸುವುದು ಸುಲಭವಲ್ಲ. ಆದುದರಿಂದಲೇ ಕವಿಯು ಪ್ರಭುವಿನೆದುರು ಬದಲಾಗುವವರನ್ನು ತಂದು ನಿಲ್ಲಿಸುತ್ತಾನೆ: ತೋಟಿಗ ಗೊಗ್ಗಯ್ಯ, ಅಣ್ಣನನ್ನಗಲಿದ ಮುಕ್ತಾಯಕ್ಕ. ಎಲ್ಲರಿಗಿಂತ ಮಿಗಿಲಾಗಿ ಸೊನ್ನಲಿಗೆಯ ಸಿದ್ಧರಾಮ.

ಸಿದ್ಧರಾಮನಲ್ಲಿ ದೋಷವೆಂಬುದು ಮೇಲ್ನೋಟಕ್ಕೆ ಕಾಣುವುದಿಲ್ಲ. ಕೆರೆ ಕಟ್ಟಿಸಿದವನು, ಗುಡಿ ನಿಲಿಸಿದವನು, ಮಹಾಯೋಗಿ. ಅಂಥವನ ಊರಿಗೆ ಬಂದ ಪ್ರಭುವು ಆತನನ್ನು ಕಲ್ಲು ಹೊರುವ ಒಡ್ಡನೆಂದು ಕರೆಯುತ್ತಾನೆ. ಕೆಲಸದಲ್ಲಿದ್ದ ಶಿಷ್ಯರು ರೊಚ್ಚಿಗೆದ್ದು ಕಲ್ಲೆಸೆಯುತ್ತಾರೆ. ಸುದ್ದಿ ತಿಳಿದ ಸಿದ್ಧರಾಮನೂ ಕೆರಳುತ್ತಾನೆ. ಸೂಕ್ಷ್ಮವಿರುವುದು ಇಲ್ಲಿಯೇ. ಕೆರೆ ಪರೋಪಕಾರಕ್ಕಾಗಿದ್ದರೆ 'ಒಡ್ಡ'ನೆಂಬ ಮಾತು ಆತನನ್ನೇಕೆ ಇರಿಯಬೇಕು? ಒಡ್ಡನ ಕಾಯಕವೂ ಕಾಯಕವೇ ತಾನೆ! 'ನಾನು ಕಟ್ಟಿಸಿದೆ' ಎಂಬ ಹಮ್ಮು ಪುಣ್ಯದ ಮರೆಯಲ್ಲಿ ಅಡಗಿತ್ತು. ಬೈಗುಳವೊಂದು ಅದನ್ನು ಹೊರಗೆಳೆಯಿತು. ದಾಸೋಹಕ್ಕೆ ಅಕ್ಕಿ ಕೊಟ್ಟು ಫಲಕದಲ್ಲಿ ತಮ್ಮ ಹೆಸರನ್ನು ಹುಡುಕುವವರಿಗೆ ಈ ಕೋಪದ ಪರಿಚಯವಿದ್ದೀತು.

ಆದರೆ ಕೋಪಗೊಂಡ ಸಿದ್ಧರಾಮನು ಸೋತು ಹಿಂದೆ ಸರಿಯುವುದಿಲ್ಲ. ವಾದಿಸುತ್ತಾನೆ, ತರ್ಕಿಸುತ್ತಾನೆ, ತಡವಾಗಿ ಬಾಗುತ್ತಾನೆ. ಶೂನ್ಯಸಂಪಾದನೆಗಳಲ್ಲಿ ಈ ಸಂವಾದ ಇನ್ನೂ ವಿಸ್ತಾರವಾಗಿದೆ. ಒಂದೇ ಘಳಿಗೆಯಲ್ಲಿ ಕಾಲಿಗೆರಗಿದ್ದರೆ ಆ ಪರಿವರ್ತನೆಯನ್ನು ಯಾರೂ ನಂಬುತ್ತಿರಲಿಲ್ಲ. ಪ್ರಭುವಿನೊಡನೆ ಕಲ್ಯಾಣಕ್ಕೆ ಹೋಗಿ, ವಯಸ್ಸಿನಲ್ಲಿ ಕಿರಿಯನಾದ ಚನ್ನಬಸವಣ್ಣನಿಂದ ಇಷ್ಟಲಿಂಗವನ್ನು ಪಡೆಯುತ್ತಾನೆ. ಮುಂದೆ ಶೂನ್ಯಪೀಠದ ಮೂರನೆಯ ಅಧ್ಯಕ್ಷನೂ ಆಗುತ್ತಾನೆ.

ಕೆರೆಯನ್ನು ಒಡೆಯಬೇಕೆಂದು ಪ್ರಭು ಹೇಳಲಿಲ್ಲ. ಇಂದಿನ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿ ಆ ನೀರಿನ ನಡುವೆಯೇ ಇದೆ.