ಮನೆಯೊಳಗಿನ ಹುಡಿ

ಧೂಳಿಗೆ ನಮ್ಮ ಕಡೆ ಹುಡಿ ಎನ್ನುತ್ತೇವೆ. ತುಳುವರಿಗೂ ಮಲಯಾಳಿಗಳಿಗೂ ಅದು ಪೊಡಿ. ಈ ಗಡಿನಾಡಿನಲ್ಲಿ ಭಾಷೆಗಾಗಿ ಎಷ್ಟು ವಾದ ಮಾಡಿದರೂ, ಎಲ್ಲರ ಮಂಚದಡಿಯಲ್ಲಿ ಕೂರುವ ಹುಡಿ ಒಂದೇ.

ನಾನು ಸಣ್ಣವನಿದ್ದಾಗ ಈ ಹುಡಿಯ ಕುಲಗೋತ್ರ ಎಲ್ಲರಿಗೂ ತಿಳಿದಿತ್ತು: ಅಂಗಳದ ಕೆಂಪು ಮಣ್ಣು, ಒಲೆಯ ಬೂದಿ, ಓಲೆಚಾಪೆಯ ಚೂರು, ಹತ್ತಿ ಬಟ್ಟೆಯ ನೂಲು. ಟೆರಿಕಾಟ್ ಬಂದಿತ್ತು ನಿಜ. ಆದರೆ ಮದುವೆಗೆ ಹೋಗುವಾಗ ಮಾತ್ರ ಅದು ಪೆಟ್ಟಿಗೆಯಿಂದ ಹೊರಬರುತ್ತಿತ್ತು. ಅಮ್ಮ ಹಿಡಿಸೂಡಿಯಲ್ಲಿ ಗುಡಿಸಿ ಎಲ್ಲವನ್ನೂ ತೆಂಗಿನ ಬುಡಕ್ಕೆ ಹಾಕುತ್ತಿದ್ದಳು. ಮಣ್ಣಿನದು ಮಣ್ಣಿಗೆ ಜಮೆ. ಬ್ಯಾಂಕಿನವನ ಮಾತಿನಲ್ಲಿ ಹೇಳುವುದಾದರೆ, ಲೆಕ್ಕ ಅಂದಂದಿಗೇ ತಾಳೆಯಾಗುತ್ತಿತ್ತು.

ಈಗ ತಾಳೆಯಾಗುವುದಿಲ್ಲ. 5 ಮಿಲಿಮೀಟರಿಗಿಂತ ಸಣ್ಣ ಪ್ಲಾಸ್ಟಿಕ್ ಚೂರುಗಳಿಗೆ ಮೈಕ್ರೋಪ್ಲಾಸ್ಟಿಕ್ ಎಂದು ಹೆಸರು. ನಮಗೆ ಅದು ಮೊದಲು ಕಡಲಿನ ಸುದ್ದಿಯಾಗಿಯೇ ಕೇಳಿಬಂತು. ಆದರೆ ಅಮೆರಿಕದಲ್ಲಿರುವ ವಿಜ್ಞಾನಿ ಕುರುಂತಾಚಲಂ ಕಣ್ಣನ್ ಮತ್ತು ಸಂಗಡಿಗರು ಭಾರತವೂ ಸೇರಿ 12 ದೇಶಗಳಿಂದ ಮನೆಯೊಳಗಿನ ಧೂಳಿನ 286 ಮಾದರಿಗಳನ್ನು ತರಿಸಿ ಪರೀಕ್ಷಿಸಿ, 2020ರಲ್ಲಿ ಪ್ರಕಟಿಸಿದರು. ಪಿ.ಇ.ಟಿ. ಎಂಬ ಪ್ಲಾಸ್ಟಿಕ್ ಇಲ್ಲದ ಮಾದರಿ ಒಂದೂ ಇರಲಿಲ್ಲ. ನೀರಿನ ಬಾಟಲಿಯೂ ಅದೇ, ಪಾಲಿಯೆಸ್ಟರ್ ಬಟ್ಟೆಯೂ ಅದೇ.

ಹಾಗಾಗಿ ಕಳ್ಳನನ್ನು ಹೊರಗೆ ಹುಡುಕಬೇಕಾಗಿಲ್ಲ. ನಾನು ಬ್ಯಾಂಕಿಗೆ ತೊಟ್ಟು ಹೋಗುವ, ಇಸ್ತ್ರಿ ಬೇಡದ ಶರ್ಟು, ಮನೆಯಾಕೆಯ ಸಿಂಥೆಟಿಕ್ ಸೀರೆ, ಕಿಟಕಿಯ ಪರದೆ, ಸೋಫಾದ ಹೊದಿಕೆ – ಉಟ್ಟಾಗ, ಕೂತಾಗ, ಕೊಡವಿದಾಗ ಕಣ್ಣಿಗೆ ಕಾಣದ ಎಳೆಗಳು ಉದುರುತ್ತವೆ. ಹೊರಗಾದರೆ ಗಾಳಿ ಚದುರಿಸೀತು. ಮುಚ್ಚಿದ ಕೋಣೆಯಲ್ಲಿ ಅವು ಸುತ್ತಿ ಸುತ್ತಿ ನೆಲಕ್ಕೇ ಇಳಿಯುತ್ತವೆ.

ಆ ನೆಲದ ಮೇಲೆ ಈಗ ನನ್ನ ತಂಗಿಯ ಮಗು ಅಂಬೆಗಾಲಿಡುತ್ತಿದೆ. ಕೈ ಒಮ್ಮೆ ನೆಲಕ್ಕೆ, ಒಮ್ಮೆ ಬಾಯಿಗೆ. ಅದೇ ಕಣ್ಣನ್ ಮತ್ತು ಸಂಗಡಿಗರು 2021ರಲ್ಲಿ ನ್ಯೂಯಾರ್ಕಿನ ಆರು ಶಿಶುಗಳ ಮಲ ಪರೀಕ್ಷಿಸಿದಾಗ, ಪಿ.ಇ.ಟಿ. ಪ್ರಮಾಣ ದೊಡ್ಡವರದಕ್ಕಿಂತ ಹತ್ತು ಪಟ್ಟಿಗೂ ಮಿಕ್ಕಿತ್ತು. ಆರು ಮಕ್ಕಳ ಲೆಕ್ಕದಿಂದ ಊರಿಗೆಲ್ಲ ತೀರ್ಪು ಹೇಳಲಾಗದು. ಇದರಿಂದ ಇಂಥದೇ ರೋಗ ಬರುತ್ತದೆಂದು ವಿಜ್ಞಾನ ಇನ್ನೂ ಖಚಿತವಾಗಿ ನುಡಿದಿಲ್ಲ. ಆದರೆ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಜಿಲ್ಲೆ ನಮ್ಮದು. ‘ಖಚಿತವಾಗಲಿ, ಆಮೇಲೆ ನೋಡೋಣ’ ಎಂಬ ಮಾತಿಗೆ ತೆರಬೇಕಾದ ಬೆಲೆ ನಮಗೆ ಗೊತ್ತು.

ಮಾಡಬಹುದಾದದ್ದು ಸಣ್ಣ ಕೆಲಸ. ಒಣನೆಲ ಗುಡಿಸಿದರೆ ಹುಡಿ ಏಳುತ್ತದೆ, ಒದ್ದೆಬಟ್ಟೆಯಲ್ಲಿ ಒರೆಸಬೇಕು. ಕಿಟಕಿ ತೆರೆದಿಡಬೇಕು. ಮಗು ಆಡುವ ಕೋಣೆಯಿಂದ ನಾವು ಸಿಂಥೆಟಿಕ್ ಪರದೆ ತೆಗೆದು, ಅಮ್ಮನ ಹಳೆಯ ಕಾಸರಗೋಡು ಕೈಮಗ್ಗದ ಸೀರೆಯನ್ನು ಕಟ್ಟಿದ್ದೇವೆ. ಒರೆಸಿದ ನೀರನ್ನು ಅಮ್ಮ ಈಗಲೂ ತೆಂಗಿನ ಬುಡಕ್ಕೇ ಚೆಲ್ಲುತ್ತಾಳೆ. ಬೇರೆಲ್ಲಿ ಚೆಲ್ಲಬೇಕು ಎಂದು ಅವಳು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಮಗುವಿನ ಬಾಯಿಗೆ ಅಷ್ಟು ಕಡಿಮೆಯಾಯಿತು ಎಂಬುದು ಇಂದಿನ ಸಮಾಧಾನ. ಉಳಿದದ್ದು ಕಡಿಮೆಯಾಗಬೇಕಾದರೆ, ಅಂಥ ಬಟ್ಟೆ ಹೊಸ್ತಿಲು ದಾಟಿ ಒಳಗೆ ಬರುವುದೇ ಕಡಿಮೆಯಾಗಬೇಕು.