ಚಂದ್ರವಳ್ಳಿಗೆ ಬಂದ ರೋಮಿನ ಬೆಳ್ಳಿ

ಚಿತ್ರದುರ್ಗಕ್ಕೆ ಬಂದವರಲ್ಲಿ ಹೆಚ್ಚಿನವರು ಕೋಟೆ ಹತ್ತಿ, ಒನಕೆ ಓಬವ್ವನ ಕಿಂಡಿ ನೋಡಿ, ಸಂಜೆಯೊಳಗೆ ಬಸ್ಸು ಹಿಡಿಯುತ್ತಾರೆ. ಬೆಟ್ಟದ ಮಗ್ಗುಲಿಗೇ ಇರುವ ಚಂದ್ರವಳ್ಳಿಯತ್ತ ಹೊರಳುವವರು ಕಡಿಮೆ. ಚಿತ್ರದುರ್ಗ, ಚೋಳಗುಡ್ಡ, ಕಿರುಬನಕಲ್ಲು ಬೆಟ್ಟಗಳ ನಡುವಿನ ಈ ಕಣಿವೆಯಲ್ಲಿ ಕೆರೆಯಿದೆ, ಅಂಕಲಿ ಮಠದ ಗುಹೆಗಳಿವೆ, ಕದಂಬ ಮಯೂರಶರ್ಮನ ಶಾಸನವಿದೆ. ಪರದೇಶಕ್ಕೆ ಓದಲು ಹೊರಟ ಮಕ್ಕಳನ್ನೂ ಅವರ ತಂದೆ ತಾಯಿಯರನ್ನೂ ಒಮ್ಮೆ ಇಲ್ಲಿಗೆ ಕರೆತರಬೇಕೆಂದು ನನಗೆ ಅನ್ನಿಸುವುದು ಮಾತ್ರ ಬೇರೆ ಕಾರಣಕ್ಕೆ. ಈ ಮಣ್ಣಿನಲ್ಲಿ ಸಿಕ್ಕ ನಾಣ್ಯಗಳಿಗಾಗಿ.

ಆರ್. ನರಸಿಂಹಾಚಾರ್ಯರು 1909ರಲ್ಲಿ, ಬಳಿಕ ಎಂ.ಎಚ್. ಕೃಷ್ಣ ಅವರು, 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು. ಶಾತವಾಹನರ ಕಾಲದ ನಾಣ್ಯಗಳು ಸಿಕ್ಕವು. ಈ ಸೀಮೆಯನ್ನು ಆಳುತ್ತಿದ್ದ ಮಹಾರಠಿಗಳು ಅಚ್ಚುಹಾಕಿಸಿದ, ಒಂದು ಬದಿಗೆ ಹಿಣಿಲಿನ ಗೂಳಿಯಿರುವ ಸೀಸದ ನಾಣ್ಯಗಳಿಗೂ ಈ ಊರು ಹೆಸರಾಗಿದೆ. ಅವುಗಳ ಜೊತೆಗೇ ರೋಮ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸರ ಬೆಳ್ಳಿಯ ದಿನಾರಿಯಸ್‌ಗಳೂ ಹೊರಬಂದವು. ಹತ್ತಿರದಲ್ಲಿ ಸಮುದ್ರವಿಲ್ಲ, ಬಂದರಿಲ್ಲ. ಆದರೂ ಪರದೇಶದ ಹಣ ಈ ಕಲ್ಲುಬಂಡೆಗಳ ನಡುವಿನವರೆಗೆ ನಡೆದುಬಂದಿತ್ತು!

ಆ ಕಾಲದ ಗ್ರೀಕ್ ನಾವಿಕನೊಬ್ಬ ಬರೆದಿಟ್ಟ 'ಪೆರಿಪ್ಲಸ್' ಎಂಬ ಕೈಪಿಡಿಯಲ್ಲಿ ಒಂದು ಸಣ್ಣ ಮಾತಿದೆ. ಭರೂಚ್ ಬಂದರಿನಲ್ಲಿ ರೋಮಿನ ಚಿನ್ನ ಬೆಳ್ಳಿಯ ನಾಣ್ಯಗಳನ್ನು ಸ್ಥಳೀಯ ನಾಣ್ಯಕ್ಕೆ ಬದಲಿಸಿಕೊಂಡರೆ ಒಂದಿಷ್ಟು ಲಾಭವಿದೆ ಎಂದು. ಎಂದರೆ ನಾಣ್ಯ ವಿನಿಮಯದ ದರ, ಅದರಲ್ಲಿ ಒಬ್ಬನಿಗೆ ಸಿಗುವ ಲಾಭ, ಇನ್ನೊಬ್ಬನ ನಷ್ಟ ಎಲ್ಲವೂ ಆಗಲೇ ಇದ್ದವು. ರೋಮಿನಲ್ಲಿ ಪ್ಲಿನಿ, ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಭಾರತಕ್ಕೆ ಹರಿದುಹೋಗುತ್ತಿದೆಯೆಂದು ಗೊಣಗಿದ್ದಾನೆ. ಚಂದ್ರವಳ್ಳಿಯ ವ್ಯಾಪಾರಿಗೆ ಟೈಬೀರಿಯಸ್ ಯಾರೆಂದು ಗೊತ್ತಿರಲಾರದು. ಮುಖ ನೋಡಿ ಅಲ್ಲ, ತೂಗಿ ನೋಡಿಯೇ ತೆಗೆದುಕೊಂಡಿದ್ದಾನು ಎಂಬುದು ನನ್ನ ಊಹೆ.

ಈಗ ಹಣ ಹರಿಯುವ ದಿಕ್ಕು ಬದಲಾಗಿದೆ. ಹೊಳಲ್ಕೆರೆಯ ಅಡಿಕೆ ತೋಟದ್ದೋ, ಹೊಸದುರ್ಗದ ತೆಂಗಿನದ್ದೋ, ಹಿರಿಯೂರಿನ ಬ್ಯಾಂಕಿನ ಸಾಲದ್ದೋ ದುಡ್ಡು ಡಾಲರ್, ಪೌಂಡ್, ಯೂರೋ ಆಗಿ ಹೊರಡುತ್ತದೆ. 1970ರ ಆಸುಪಾಸಿನಲ್ಲಿ ಅಮೆರಿಕಕ್ಕೆ ಹೋದವರು ಎಂಟು ಡಾಲರ್ ಜೇಬಿನಲ್ಲಿಟ್ಟುಕೊಂಡು ಹೋದ ಕತೆ ಹೇಳುತ್ತಾರೆ. ವಿದೇಶಿ ವಿನಿಮಯ ಅಷ್ಟು ಬಿಗಿಯಾಗಿತ್ತು. 2004ರಲ್ಲಿ ರಿಸರ್ವ್ ಬ್ಯಾಂಕ್ ವರ್ಷಕ್ಕೆ 25,000 ಡಾಲರ್ ಕಳಿಸಲು ಬಿಟ್ಟಿತು. 2015ರಿಂದ ಆ ಮಿತಿ 2,50,000 ಡಾಲರ್. ಆದರೆ ನೋಟಿನ ರೂಪದಲ್ಲಿ ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ ಒಯ್ಯಬಹುದಾದದ್ದು 3,000 ಡಾಲರ್ ಮಾತ್ರ. ಉಳಿದದ್ದು ಕಾರ್ಡಿನಲ್ಲೋ ಬ್ಯಾಂಕಿನ ಮೂಲಕವೋ ಹೋಗಬೇಕು.

ಭೀಮಸಮುದ್ರದ ಮಂಡಿಗೆ ಅಡಿಕೆ ಹಾಕಿದವರಿಗೆ ಹೇಳಿದ ದರವೇ ಬೇರೆ, ಕಳೆಯುವುದನ್ನೆಲ್ಲ ಕಳೆದು ಕೈಗೆ ಬರುವ ಹಣವೇ ಬೇರೆ ಎಂಬುದನ್ನು ಯಾರೂ ಕಲಿಸಬೇಕಿಲ್ಲ. ಅದೇ ಜನ ಡಾಲರ್ ಕೊಳ್ಳುವಾಗ ಟಿ.ವಿ.ಯಲ್ಲಿ ಕಂಡ ದರವನ್ನು ನಂಬಿ ಕೌಂಟರಿಗೆ ಹೋಗುವುದು ಸೋಜಿಗ. ಅದು ಬ್ಯಾಂಕು ಬ್ಯಾಂಕುಗಳ ನಡುವಿನ ದರ. ನಮಗೆ ಮಾರುವ ದರ ಹೆಚ್ಚು, ನಮ್ಮಿಂದ ಕೊಳ್ಳುವ ದರ ಕಡಿಮೆ. ಡಾಲರಿಗೆ 2 ರೂಪಾಯಿ ವ್ಯತ್ಯಾಸವಾದರೂ 3,000 ಡಾಲರಿಗೆ 6,000 ರೂಪಾಯಿ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: "ಎಲ್ಲ ಸೇರಿ ಇಷ್ಟು ಡಾಲರಿಗೆ ನಾನು ಎಷ್ಟು ರೂಪಾಯಿ ಕೊಡಬೇಕು?" ಎರಡು ಮೂರು ಕಡೆ ಇದನ್ನೇ ಕೇಳಿ ನೋಡಿ. ವಿಮಾನ ನಿಲ್ದಾಣದ ಕೌಂಟರಿಗೆ ಹೋಗುವವರೆಗೆ ಕಾಯಬೇಡಿ, ಅಲ್ಲಿ ಸಾಮಾನ್ಯವಾಗಿ ದರ ತುಟ್ಟಿ.

ಅಲ್ಲಿಗೆ ಹೋದಮೇಲೆ ಇನ್ನೊಂದು ಬಲೆಯಿದೆ. ಅಂಗಡಿಯ ಯಂತ್ರವೋ ಎಟಿಎಮ್ಮೋ "ರೂಪಾಯಿಯಲ್ಲಿ ಕೊಡುತ್ತೀರಾ, ಇಲ್ಲಿನ ಹಣದಲ್ಲಿ ಕೊಡುತ್ತೀರಾ?" ಎಂದು ಕೇಳುತ್ತದೆ. ಪರಿಚಿತ ರೂಪಾಯಿಯನ್ನು ಕಂಡು ಮಕ್ಕಳು ಅದನ್ನೇ ಒತ್ತುತ್ತಾರೆ. ಆಗ ದರ ಕಟ್ಟುವವರು ನಿಮ್ಮ ಬ್ಯಾಂಕಿನವರಲ್ಲ, ಯಂತ್ರದ ಹಿಂದಿರುವವರು. ಅವರ ಲಾಭವೂ ಅದರಲ್ಲೇ ಸೇರಿರುತ್ತದೆ. ಆ ದೇಶದ ಹಣವನ್ನೇ ಒತ್ತುವುದು ಲೇಸು.

ಊರಿನ ತರಕಾರಿ ಅಂಗಡಿಯಲ್ಲೂ ಫೋನ್ ತೋರಿಸಿ ದುಡ್ಡು ಕೊಡುವ ಅಭ್ಯಾಸ ನಮ್ಮ ಮಕ್ಕಳಿಗೆ. 2024ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ಐಫೆಲ್ ಗೋಪುರದ ಟಿಕೆಟ್ಟಿಗೂ, ಶ್ರೀಲಂಕಾ, ಮಾರಿಷಸ್‌ಗಳಲ್ಲೂ ಯುಪಿಐ ಶುರುವಾಯಿತು. ಹಾಗೆಂದು ಅದೊಂದನ್ನೇ ನಂಬಿ ಹೋಗುವಂತಿಲ್ಲ. ಅದು ನಡೆಯುವ ಅಂಗಡಿಗಳು ಹೊರಗೆ ಇನ್ನೂ ಕೆಲವೇ. ಕಾರ್ಡ್ ಎರಡಿರಲಿ, ಬೇರೆಬೇರೆ ಚೀಲದಲ್ಲಿರಲಿ. ಹೊಸ ಕಾರ್ಡುಗಳನ್ನು ದೇಶದೊಳಗಿನ ಬಳಕೆಗಷ್ಟೇ ತೆರೆದು ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2020ರಲ್ಲಿ ಹೇಳಿದೆ. ಹೊರಡುವ ಮುನ್ನವೇ ಹೊರದೇಶದ ಬಳಕೆಯನ್ನು ತೆರೆಸಿಕೊಳ್ಳಿ. ಖಾತೆಗೆ ಅಪ್ಪನ ಮೊಬೈಲ್ ನಂಬರು ಕೊಟ್ಟಿದ್ದರೆ ಒಟಿಪಿ ಹೊಸದುರ್ಗದಲ್ಲಿ ಬಂದು ಬೀಳುತ್ತದೆ. ಮಗಳು ಬರ್ಲಿನ್ನಿನ ಅಂಗಡಿಯಲ್ಲಿ ಸಾಲಿನ ಮುಂದೆ ನಿಂತಿದ್ದಾಗ ಇಲ್ಲಿ ನಡುರಾತ್ರಿಯಾಗಿದ್ದರೆ ಅಪ್ಪನನ್ನು ಎಬ್ಬಿಸುವವರಾರು?

ತಿರುಗಿ ಬರುವಾಗ ಉಳಿದ ನೋಟುಗಳನ್ನು ಬದಲಿಸಿಕೊಳ್ಳಬಹುದು. 2,000 ಡಾಲರಿಗಿಂತ ಹೆಚ್ಚಿದ್ದರೆ 180 ದಿನಗಳೊಳಗೆ ಒಪ್ಪಿಸಲೇಬೇಕು. ಚಿಲ್ಲರೆಯನ್ನು ಮಾತ್ರ ವಿನಿಮಯದವರು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಅಲ್ಲೇ ಕಾಫಿಗೋ ಬಸ್ಸಿಗೋ ಖರ್ಚುಮಾಡಿ ಬರುವುದು ಸರಿ. ಮನಸ್ಸಾಗದಿದ್ದರೆ ಮನೆಗೇ ತನ್ನಿ. ಪರದೇಶದ ನಾಣ್ಯಗಳನ್ನು ಎಷ್ಟು ಬೇಕಾದರೂ ಇಟ್ಟುಕೊಳ್ಳಲು ನಮ್ಮ ಕಾನೂನಿನ ಅಡ್ಡಿಯಿಲ್ಲ.